ವ್ಯಾನಿನೊಳಗಿನ ಚಳಿ

೧೯ ನವೆಂಬರ್ ೧೯೪೬, ಮಂಗಳವಾರ. ಮುಳಬಾಗಿಲು, ಸಂಜೆ

ಐದು ಕೇಸು. ಒಂದಕ್ಕೆ ಮಾತ್ರ ಕೋಲಾರಕ್ಕೆ ಬಾ ಎಂದು ಹೇಳಿದ್ದೇನೆ, ಕಾಲು ಊದಿದೆ. ಕತ್ತರಿ, ದಾರ ಕುದಿಸಿ ಒಣಗಲು ಹಾಕಿದ್ದಾಯಿತು. ಡಿಸ್ಪೆನ್ಸರಿಯ ಹಿಂದಿನ ಕೋಣೆಯಲ್ಲಿ ಹಾಸಿಗೆ. ನಾಳೆ ಬೆಳಿಗ್ಗೆ ವಾಪಸು. ಮಂಗಳವಾರ ಬರುವುದು, ಬುಧವಾರ ಹೊರಡುವುದು — ವ್ಯಾನು ಬಂದಾಗಿನಿಂದ ಇದೇ.

ಚಳಿ ಶುರುವಾಗಿದೆ. ಡ್ರೈವರ್ ಕೋದಂಡರಾಮಪ್ಪ ಈಗಲೇ ಜಗುಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದಾರೆ. ಯುದ್ಧ ನಡೆಯುವಾಗ ಪೆಟ್ರೋಲ್ ಇಲ್ಲದೆ ಇದ್ದಿಲು ಗ್ಯಾಸಿನ ಬಸ್ಸು ಓಡಿಸಿದ ಮನುಷ್ಯ. ಆಗ ಬೆನ್ನ ಹಿಂದೆ ಒಲೆ ಇರುತ್ತಿತ್ತು, ಚಳಿಯೇ ಗೊತ್ತಾಗುತ್ತಿರಲಿಲ್ಲ ಎನ್ನುತ್ತಾರೆ.

ಇವತ್ತು ಬರುವಾಗ ವ್ಯಾನಿನ ಹೀಟರ್ ತೋರಿಸಿದರು. ಅಮೆರಿಕದ ಮಿಲಿಟರಿಯವರು ಬಿಟ್ಟುಹೋದ ವ್ಯಾನು ಇದು. ಫೆಬ್ರವರಿಯಲ್ಲಿ ಹರಾಜಿನಲ್ಲಿ ನಮ್ಮ ಹೆರಿಗೆ ಆಸ್ಪತ್ರೆಗೆ ಸಿಕ್ಕಿತು. ಹಿಂದೆ ಸ್ಟ್ರೆಚರಿನ ಪಕ್ಕ ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಜಾಲರಿ. ಸ್ವಿಚ್ ಹಾಕಿದರೆ ಒಳಗೆ ಫ್ಯಾನು ತಿರುಗುತ್ತದೆ. ಇಂಜಿನ್ನಿನ ಬಿಸಿನೀರು ಪೈಪಿನಲ್ಲಿ ಅಲ್ಲಿಗೆ ಬರುತ್ತದಂತೆ. ಬೇಸಿಗೆಯಲ್ಲಿ ಯಾರೂ ಹಾಕಿ ನೋಡಿರಲಿಲ್ಲ. ಇವತ್ತು ಒಂದು ನಿಮಿಷ ಹಾಕಿದರು. ಗಾಳಿ ಬಂತು, ತಣ್ಣಗೆ.

“ಓಡ್ತಾ ಓಡ್ತಾ ಬಿಸಿ ಬರ್ತದೆ ನರ್ಸಮ್ಮ” ಅಂದರು.

ಒಳ್ಳೆಯದೇ ಆಯಿತು. ಬಿಸಿನೀರು ತುಂಬುವ ರಬ್ಬರ್ ಚೀಲ ಆಸ್ಪತ್ರೆಯಲ್ಲಿರುವುದು ಮೂರು. ಎರಡನ್ನು ನಾನು ಹೊತ್ತು ತಿರುಗುತ್ತೇನೆ. ಮುಂದಿನ ವಾರದಿಂದ ವಾರ್ಡಿನಲ್ಲೇ ಬಿಟ್ಟು ಬರಬಹುದು.

೨೭ ನವೆಂಬರ್, ಬುಧವಾರ. ಕೋಲಾರ

ತಾಯಲೂರಿನ ಕೇಸು. ಹೆಣ್ಣು ಮಗು. ಏಳು ತಿಂಗಳಿನದು.

ತಾಯಿ ಉಳಿದಿದ್ದಾಳೆ.

ಬರೆಯಲಾರೆ.

೩೦ ನವೆಂಬರ್, ಶನಿವಾರ

ಡ್ಯೂಟಿ ಮುಗಿಸಿ ಬಂದು ಅನ್ನ ಮಾಡಿದೆ. ಉಣ್ಣಲಿಲ್ಲ. ಬರೆದು ಬಿಡುತ್ತೇನೆ.

ಬುಧವಾರ ಬೆಳಗಿನ ಜಾವ ತಾಯಲೂರಿನಿಂದ ಗಾಡಿ ಹೊಡೆದುಕೊಂಡು ಬಂದು ಮುಳಬಾಗಿಲಿನ ಡಿಸ್ಪೆನ್ಸರಿಯ ಬಾಗಿಲು ಬಡಿದರು. ಕೂಡಲೇ ಹೊರಟೆವು. ನಾವು ಹೋಗುವಷ್ಟರಲ್ಲಿ ಊರಿನ ಸೂಲಗಿತ್ತಿಯೇ ಹೆರಿಗೆ ಮಾಡಿಸಿದ್ದಳು. ಮುನಿಯಲ್ಲಮ್ಮ, ಹತ್ತೊಂಬತ್ತು ವರ್ಷ, ಚೊಚ್ಚಲು. ರಕ್ತ ನಿಲ್ಲುತ್ತಿರಲಿಲ್ಲ. ಮಗು ಮೂರು ಪೌಂಡು ಇದ್ದೀತು. ಆದರೆ ಅತ್ತಿತು. ಬಣ್ಣ ಚೆನ್ನಾಗಿತ್ತು. ಬೆರಳು ಕೊಟ್ಟರೆ ಚೀಪಿತು. “ಉಳಿಯುತ್ತೆ, ಕೋಲಾರಕ್ಕೆ ತಲುಪಿಸಿದರೆ ಉಳಿಯುತ್ತೆ” ಎಂದು ಅತ್ತೆ ಬೈರಮ್ಮನಿಗೆ ನಾನೇ ಹೇಳಿದೆ.

ತಾಯಿಯನ್ನು ಸ್ಟ್ರೆಚರಿನ ಮೇಲೆ ಮಲಗಿಸಿದೆವು. ಬೈರಮ್ಮ ಮುಂದೆ ಡ್ರೈವರ್ ಪಕ್ಕದಲ್ಲಿ. ಇಪ್ಪತ್ತೇಳು ಮೈಲಿ. ಕಿಟಕಿಯಾಚೆ ಮಂಜು, ರಸ್ತೆಯ ಬದಿಯ ಹುಣಿಸೆ ಮರ ಕೂಡ ಕಾಣುತ್ತಿರಲಿಲ್ಲ. ಹೀಟರ್ ಹಾಕಿ ಅಂದೆ. ಹಾಕಿದರು. ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಜಾಲರಿಗೆ ಎದುರಾಗಿ, ತೊಡೆಯ ಮೇಲಿಟ್ಟುಕೊಂಡು ಕೂತೆ. ಈಗ ಬಿಸಿ ಬರುತ್ತದೆ. ಇನ್ನೊಂದು ಮೈಲಿಗೆ ಬರುತ್ತದೆ…

ಮುನಿಯಲ್ಲಮ್ಮ ಮಲಗಿದ್ದಲ್ಲಿಂದಲೇ ಕೈ ಚಾಚಿ ಜಾಲರಿಯ ಮುಂದೆ ಹಿಡಿದಳು. “ಚಲಿ ಗಾಲಿ ವಸ್ತಾ ಉಂದಮ್ಮಾ” ಅಂದಳು ತೆಲುಗಿನಲ್ಲಿ. ತಣ್ಣನೆ ಗಾಳಿ ಬರ್ತಿದೆ ಎಂದು.

“ಅದು ಬಿಸಿಗಾಳಿ ಮಿಷನ್ನು. ನಿನಗೆ ರಕ್ತ ಹೋಗಿದೆ, ಅದಕ್ಕೆ ಚಳಿ. ಸುಮ್ಮನೆ ಮಲಗು” ಅಂದೆ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ: “ನಂಗೆ ಕೊಡಿ ಅಮ್ಮಾ. ಎದೆ ಮ್ಯಾಲೆ ಮಲಗಿಸ್ಕೊಂತೀನಿ.”

“ಅಲ್ಲಾಡಬೇಡ ಅಂದ್ನಲ್ಲ” ಎಂದು ಗದರಿದೆ.

ನನ್ನ ಬೆರಳೇ ಮರಗಟ್ಟಿತ್ತು. ಹೊರಗಿನ ಚಳಿ ಎಂದುಕೊಂಡೆ. ಮುಳಬಾಗಿಲು ದಾಟಿದ ಮೇಲೆ ಮಗು ಅಳುವುದನ್ನು ನಿಲ್ಲಿಸಿತು. ನಿದ್ದೆ ಎಂದುಕೊಂಡೆ. ಹದಿನಾಲ್ಕು ವರ್ಷದ ಸರ್ವೀಸು ನನ್ನದು. ನಿದ್ದೆ ಎಂದುಕೊಂಡೆ.

ಕೋಲಾರ ಇನ್ನೆರಡು ಮೈಲಿ ಇರುವಾಗ ಮಗುವನ್ನು ಅವಳ ಎದೆಯ ಮೇಲೆ ಮಲಗಿಸಿದೆ. ಆಮೇಲೆ ಸ್ವಲ್ಪ ಹೊತ್ತಿಗೆ ಹೋಯಿತು.

೩ ಡಿಸೆಂಬರ್, ಮಂಗಳವಾರ. ಮುಳಬಾಗಿಲು

ರಬ್ಬರ್ ಚೀಲ ಎರಡನ್ನೂ ತಂದಿದ್ದೇನೆ. ಬೇಕಾಗಲಿಲ್ಲ.

ಕೋದಂಡರಾಮಪ್ಪ ವಾರದಿಂದ ಮಾತಾಡಿಲ್ಲ. ಇವತ್ತು ವ್ಯಾನು ನಿಲ್ಲಿಸಿ ಇಳಿದವರು ಹಿಂದಿನ ಬಾಗಿಲ ಹತ್ತಿರ ಬಂದು ನಿಂತರು.

“ನರ್ಸಮ್ಮ, ಆವತ್ತು ಹಿಂದ್ಗಡೆ ಬಿಸಿ ಬಂತಾ?”

“ನೋಡಲಿಲ್ಲ” ಅಂದೆ. ಅವರು ಹೋಗದೆ ಅಲ್ಲೇ ನಿಂತಿದ್ದರು. “ಬರಲಿಲ್ಲ” ಅಂದೆ.

ತಲೆಯಾಡಿಸಿ ಹೋದರು. ಸಂಜೆಯವರೆಗೆ ಬಾನೆಟ್ ತೆಗೆದೇ ಇತ್ತು.

೬ ಡಿಸೆಂಬರ್, ಶುಕ್ರವಾರ. ಕೋಲಾರ

ಡಾಕ್ಟರ್ ಶ್ಯಾಮಲಮ್ಮನವರು ರಿಜಿಸ್ಟರಿನಲ್ಲಿ ಬರೆದರು: ‘ಅಕಾಲ ಪ್ರಸವ. ದಾರಿಯಲ್ಲಿ ಮರಣ.’ ನನ್ನ ಮುಖ ನೋಡಿ, “ಏಳು ತಿಂಗಳಿನದು ಆದಿಲಕ್ಷ್ಮಿ. ಹತ್ತರಲ್ಲಿ ಎಂಟು ಉಳಿಯೋದಿಲ್ಲ. ನಿನಗೆ ಗೊತ್ತಿಲ್ಲದ್ದೇ?” ಅಂದರು.

ಗೊತ್ತು. ಉಳಿಯುವ ಎರಡೂ ಗೊತ್ತು.

ಮಧ್ಯಾಹ್ನ ಶೆಡ್ಡಿಗೆ ಹೋದೆ. ಕೋದಂಡರಾಮಪ್ಪ ತೋರಿಸಿದರು. ಹೀಟರಿಗೆ ಹೋಗುವ ಪೈಪಿಗೆ ಇಂಜಿನ್ ಹತ್ತಿರ ಹಿತ್ತಾಳೆಯ ಟ್ಯಾಪು ಇದೆ. ಅದು ಮುಚ್ಚಿರಬಹುದು ಎಂದುಕೊಂಡಿದ್ದರಂತೆ. ತೆರೆದೇ ಇತ್ತು. ರೇಡಿಯೇಟರಿನಲ್ಲಿ ನೀರು ಕಡಿಮೆಯೋ ಎಂದು ನೋಡಿದರು. ಕುತ್ತಿಗೆಯ ತನಕ ಇತ್ತು.

“ಫ್ಯಾನು ತಿರುಗ್ತದೆ, ನೀರಿದೆ, ಟ್ಯಾಪು ಬಿಟ್ಟದೆ. ಆದ್ರೂ ತಣ್ಣಗೆ ಊದ್ತದೆ” ಎಂದು ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

ರೋಗಿಯ ಹಾಗೇ. ಒಂದೊಂದಾಗಿ ಇದಲ್ಲ, ಇದಲ್ಲ ಎಂದು ಬಿಡುತ್ತಾ ಹೋಗಬೇಕು. ನಾನೂ ಬರುತ್ತೇನೆ ಎಂದೆ. ಬೇಡ ಅನ್ನಲಿಲ್ಲ.

೧೧ ಡಿಸೆಂಬರ್

ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ನೀರು ಹರಿಯುವುದಿಲ್ಲವಂತೆ. ಇಂಜಿನ್ ಓಡುತ್ತಿರುವಾಗಲೇ ಮೇಲಿನ ಪೈಪಿನ ಕ್ಲಿಪ್ಪು ಸಡಿಲಿಸಿದರು. ನಾನು ಬಟ್ಟಲು ಹಿಡಿದೆ. ಪುಸ್ ಎಂದು ಗಾಳಿ, ಆಮೇಲೆ ನೀರು. ಇಬ್ಬರಿಗೂ ಇದೇ ಅನ್ನಿಸಿತು. ಕ್ಲಿಪ್ಪು ಬಿಗಿದು ನರಸಾಪುರದ ತನಕ ಓಡಿಸಿಕೊಂಡು ಹೋದೆವು. ಜಾಲರಿಗೆ ಅಂಗೈ ಒಡ್ಡಿಕೊಂಡೇ ಕೂತಿದ್ದೆ.

ತಣ್ಣಗೆ.

೧೨ ಡಿಸೆಂಬರ್

ರಜೆ. ಬಟ್ಟೆ ಒಗೆದೆ. ಕಿಟಕಿಯ ಹತ್ತಿರ ಕೂತಿದ್ದೆ.

೧೯ ಡಿಸೆಂಬರ್, ಗುರುವಾರ

ಹೀಟರ್ ಪೆಟ್ಟಿಗೆಯನ್ನೇ ಬಿಚ್ಚಿ ಕೆಳಗಿಳಿಸಿದ್ದರು. ಒಳಗೆ ಸಣ್ಣ ಸಣ್ಣ ಕೊಳವೆ. ನಮ್ಮ ಬಾವಿ ನೀರು ಸಪ್ಪೆಯಲ್ಲವಲ್ಲ. ಪಾತ್ರೆಯ ತಳದಲ್ಲಿ ಕಟ್ಟುವ ಹಾಗೆ ಅಲ್ಲೂ ಬಿಳಿ ಹಕ್ಕಳೆ ಕಟ್ಟಿರಬೇಕು ಅಂದರು. ವಾಷಿಂಗ್ ಸೋಡ ಬಿಸಿನೀರಿನಲ್ಲಿ ಕರಗಿಸಿ ಹುಯ್ದು ರಾತ್ರಿಯೆಲ್ಲ ಬಿಟ್ಟಿದ್ದರು. ಇವತ್ತು ಬೆಳಿಗ್ಗೆ ಬಗ್ಗಿಸಿದಾಗ ಕೆಂಪು ನೀರು, ಜೊತೆಗೆ ಮೊಟ್ಟೆಯ ಸಿಪ್ಪೆಯಂಥ ಚೂರು. ಎಂಟು ಕೊಡ ಹುಯ್ದರು. ಕೊನೆಯದು ತಿಳಿಯಾಗಿ ಬಂತು.

ಮತ್ತೆ ಕೂರಿಸಿ ಓಡಿಸಿದೆವು. ಈ ಸಲ ಒಳಗೆ ಬರುವ ಪೈಪನ್ನೂ ಹೊರಗೆ ಹೋಗುವ ಪೈಪನ್ನೂ ಮುಟ್ಟಿ ನೋಡಿ ಅಂದರು. ಎರಡೂ ಒಂದೇ ಸಮ. ಅಂದರೆ ನೀರು ಚೆನ್ನಾಗಿಯೇ ಹರಿಯುತ್ತಿದೆ.

ಎರಡೂ ಉಗುರುಬೆಚ್ಚಗೆ ಮಾತ್ರ.

ಕೋದಂಡರಾಮಪ್ಪ ಕೈ ಒರೆಸಿಕೊಂಡು, “ನಮ್ಮ ಕೈಲಾಗೋದು ಇಷ್ಟೇ ಅನ್ಸ್ತದೆ ನರ್ಸಮ್ಮ” ಅಂದರು. ಅವರ ಕಣ್ಣು ನೋಡಲಾಗಲಿಲ್ಲ.

೨೪ ಡಿಸೆಂಬರ್, ಮಂಗಳವಾರ. ಮುಳಬಾಗಿಲು

ನಿನ್ನೆ ಹೊಳೆಯಿತು. ಕೈ ನಂಬಬಾರದು. ಜ್ವರವನ್ನೂ ನಾವು ಕೈಯಲ್ಲಿ ನೋಡುವುದಿಲ್ಲವಲ್ಲ.

ಮಕ್ಕಳ ಸ್ನಾನದ ನೀರು ನೋಡುವ ಥರ್ಮಾಮೀಟರ್ ತಂದೆ. ಕೋಲಾರದಿಂದ ಇಲ್ಲಿಗೆ ಹದಿನೆಂಟು ಮೈಲಿ, ಬೆಳಗಿನ ಚಳಿಯಲ್ಲಿ, ಎಲ್ಲೂ ನಿಲ್ಲಿಸದೆ ಬಂದೆವು. ಬಂದ ಕೂಡಲೇ ರೇಡಿಯೇಟರಿನ ಮುಚ್ಚಳ ತೆಗೆಸಿ ನೀರಿಗೆ ಇಳಿಬಿಟ್ಟೆ. ನೂರೆರಡು ಡಿಗ್ರಿ.

ಮಗುವಿಗೆ ಸ್ನಾನ ಮಾಡಿಸಬಹುದಾದ ನೀರು. ಅಷ್ಟು ದೂರ ಓಡಿದ ಇಂಜಿನ್ನಿನ ನೀರು ಅದು. ಅದರಲ್ಲಿ ಯಾರನ್ನು ಬೆಚ್ಚಗಿಡಲಾದೀತು?

ಹೀಟರಿಗೆ ಏನೂ ಆಗಿಲ್ಲ. ಇಂಜಿನ್ನೇ ಬಿಸಿಯಾಗುತ್ತಿಲ್ಲ. ಹೇಳಿದೆ. ಕೋದಂಡರಾಮಪ್ಪ ನಂಬಲಿಲ್ಲ. “ಬೇಸ್ಗೇಲಿ ಕುದೀತಿತ್ತಲ್ಲಮ್ಮ ಇದು. ಕುದಿಯೋ ಇಂಜಿನ್ನು ಬಿಸಿಯಾಗಲ್ಲ ಅಂದ್ರೆ?”

೨೬ ಡಿಸೆಂಬರ್, ಗುರುವಾರ. ಕೋಲಾರ

ವ್ಯಾನಿನ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಆಫೀಸಿನ ಬೀರುವಿನಲ್ಲಿ ಎಣ್ಣೆ ಮೆತ್ತಿಕೊಂಡು ಬಿದ್ದಿತ್ತು. ನಿನ್ನೆ ತಂದು ಡಿಕ್ಷನರಿ ಇಟ್ಟುಕೊಂಡು ಕೂತೆ. ನರ್ಸಿಂಗ್ ಪರೀಕ್ಷೆಗೂ ಇಷ್ಟು ಓದಿರಲಿಲ್ಲ. ಹೀಟರ್ ತಣ್ಣಗೆ ಊದಿದರೆ ಏನೇನು ನೋಡಬೇಕು ಎಂದು ಅರ್ಧ ಪುಟ ಇದೆ. ಟ್ಯಾಪು, ನೀರು, ಗಾಳಿ, ಹಕ್ಕಳೆ — ಎಲ್ಲ ನಾವು ನೋಡಿದ್ದೇ. ಕೊನೆಯಲ್ಲಿ ಒಂದು ಮಾತು, ಥರ್ಮೋಸ್ಟಾಟ್.

ಇವತ್ತು ಶೆಡ್ಡಿಗೆ ಹೋಗಿ ಓದಿ ಹೇಳಿದೆ. ಇಂಜಿನ್ನಿನ ತಲೆಯ ಮೇಲೆ ನೀರಿನ ದಾರಿಯಲ್ಲಿ ಒಂದು ಬಾಗಿಲಿನಂಥದ್ದು ಇರುತ್ತದೆ. ನೀರು ಚೆನ್ನಾಗಿ ಕಾಯುವ ತನಕ ಅದು ಮುಚ್ಚಿಕೊಂಡಿರುತ್ತದೆ, ಕಾದ ಮೇಲೆ ತಾನೇ ತೆರೆಯುತ್ತದೆ. ಅದು ಮುಚ್ಚದಿದ್ದರೆ ಚಳಿಗಾಲದಲ್ಲಿ ನೀರು ಕಾಯುವುದೇ ಇಲ್ಲ.

ಕೋದಂಡರಾಮಪ್ಪ ಕೇಳುತ್ತಲೇ ಇದ್ದರು. ಆಮೇಲೆ ನಿಧಾನವಾಗಿ, “ಅದು ಹಿತ್ತಾಳೇದಾ? ಇಷ್ಟಗಲ, ಸುಕ್ಕುಸುಕ್ಕಾಗಿ…” ಎಂದು ಬೆರಳಿನಲ್ಲಿ ತೋರಿಸಿದರು.

ಪುಸ್ತಕದಲ್ಲಿ ಚಿತ್ರ ಇತ್ತು. ತಿರುಗಿಸಿ ತೋರಿಸಿದೆ.

ಎದ್ದು ಶೆಡ್ಡಿನ ಹಿಂದಕ್ಕೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನೇ ಹೋದೆ. ಗೋಡೆಗೆ ಹಣೆ ಕೊಟ್ಟು ನಿಂತಿದ್ದರು.

“ನಾನೇ ಕಿತ್ತು ಹಾಕ್ದೆ ನರ್ಸಮ್ಮ. ಏಪ್ರಿಲ್‌ನಲ್ಲಿ. ಕುದಿಯೋ ಗಾಡಿಗೆಲ್ಲ ಅದನ್ನ ಕಿತ್ತು ಬಿಸಾಕ್ತಾರೆ, ಗ್ಯಾರೇಜಿನೋರು ಎಲ್ರೂ. ನೀರು ಅಡ್ಡಿಯಿಲ್ದೆ ಓಡ್ತದೆ, ಕುದಿಯಲ್ಲ. ಚಳಿಗಾಲ್ದಲ್ಲಿ ಹಿಂಗಾಗ್ತದೆ ಅಂತ ನನಗೆ… ನನಗೆ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಇಬ್ಬರೂ ಹಾಗೇ ನಿಂತಿದ್ದೆವು.

೨೭ ಡಿಸೆಂಬರ್

ಈ ದಿನಚರಿಯ ಹಿಂದಿನ ಹಾಳೆ ತಿರುಗಿಸಿದೆ. ಏಪ್ರಿಲ್ ಹದಿಮೂರು. ನನ್ನದೇ ಅಕ್ಷರ:

‘ಶ್ರೀನಿವಾಸಪುರದಿಂದ ಬರುವಾಗ ನೀರು ಕುದಿದು ದಾರಿಯಲ್ಲೇ ಒಂದು ಗಂಟೆ ನಿಂತೆವು. ಒಳಗೆ ನೋವು ತಿನ್ನುತ್ತಿರುವ ಹೆಂಗಸು. ಮರದ ನೆರಳೂ ಇಲ್ಲ. ಇನ್ನೊಂದು ಸಲ ಹೀಗಾದರೆ ಕಂಪ್ಲೇಂಟ್ ಬರೆಯುತ್ತೇನೆ, ಏನು ಮಾಡುತ್ತೀರೋ ಮಾಡಿ ಎಂದು ಕೋದಂಡರಾಮಪ್ಪನಿಗೆ ಕಟ್ಟುನಿಟ್ಟಾಗಿ ಹೇಳಿದೆ.’

ಏನು ಮಾಡುತ್ತೀರೋ ಮಾಡಿ.

ನಿನ್ನೆ ಗೋಡೆಗೆ ಹಣೆ ಕೊಟ್ಟು ನಿಂತ ಮನುಷ್ಯ ಇದನ್ನು ಎತ್ತಲಿಲ್ಲ. ಮರೆತಿರಲಾರರು.

೨ ಜನವರಿ ೧೯೪೭, ಗುರುವಾರ

ಆ ಸಾಮಾನು ಬೆಂಗಳೂರಿನಲ್ಲೂ ಸಿಗುವುದಿಲ್ಲವಂತೆ, ಅಮೆರಿಕದಿಂದಲೇ ಬರಬೇಕು. ಕೋದಂಡರಾಮಪ್ಪ ಕಾಯಲಿಲ್ಲ. ಗೋಣಿತಾಟು ಮಡಿಸಿ ರೇಡಿಯೇಟರಿನ ಮುಂಭಾಗ ಮುಕ್ಕಾಲು ಮುಚ್ಚಿ ಹಗ್ಗದಲ್ಲಿ ಕಟ್ಟಿದರು. ಚಳಿಗಾಳಿ ತಗಲದಿದ್ದರೆ ನೀರು ಕಾಯಲೇಬೇಕು ಅಂತ.

ಹತ್ತು ಮೈಲಿ. ಥರ್ಮಾಮೀಟರಿನ ಗೆರೆ ಮುಗಿದುಹೋಗುತ್ತಿತ್ತು, ಬೇಗ ಮೇಲೆತ್ತಿಕೊಂಡೆ. ಜಾಲರಿಯಿಂದ ಬಿಸಿಗಾಳಿ. ಬಾಣಂತಿಯ ಕೋಣೆಯ ಹಾಗೆ.

ಒಂದು ಗೋಣಿತಾಟು.

೯ ಜನವರಿ, ಗುರುವಾರ

ಟೇಕಲ್ ಕೇಸು. ಎಂಟು ತಿಂಗಳು, ಗಂಡು, ನಾಲ್ಕು ಪೌಂಡು. ಬೆಳಿಗ್ಗೆ ಆರಕ್ಕೆ ಹೊರಟು ಏಳಕ್ಕೆ ಕೋಲಾರ. ಒಳಗೆ ನನಗೆ ಬೆವರು ಬಂತು. ಮಗುವಿನ ಪಾದ ಮುಟ್ಟಿ ಮುಟ್ಟಿ ನೋಡಿದೆ, ಬೆಚ್ಚಗೆ. ವಾರ್ಡಿಗೆ ಕೊಟ್ಟು ಬಂದೆ. ಹಾಲು ಕುಡಿಯಿತಂತೆ.

ಕೋದಂಡರಾಮಪ್ಪ ಹೊರಗೆ ಕಾಯುತ್ತಿದ್ದರು. “ಇದೆಯಾ?” ಅಂದರು. ಇದೆ ಅಂದೆ. ಟವೆಲು ಮುಖಕ್ಕೆ ಒತ್ತಿಕೊಂಡು ಹೊರಟುಹೋದರು. ಸಂತೋಷಪಡಬೇಕು ಎಂದು ನನಗೂ ಗೊತ್ತಿತ್ತು.

೧೪ ಜನವರಿ, ಮಂಗಳವಾರ. ಮುಳಬಾಗಿಲು

ಬೈರಮ್ಮ ಬಂದಿದ್ದಳು, ತಾಯಲೂರಿನವಳು. ಕಿರಿ ಸೊಸೆಗೆ ಹೆರಿಗೆಯಾಗಿ ಹದಿನೈದು ದಿನ, ಹಾಲು ಕಟ್ಟಿಕೊಂಡಿದೆ, ಔಷಧಿ ಬೇಕು ಎಂದು. ಮಾತ್ರೆ ಕಟ್ಟುತ್ತಾ, ಮುನಿಯಲ್ಲಮ್ಮ ಹೇಗಿದ್ದಾಳೆ ಎಂದು ಕೇಳಿದೆ.

“ಅವ್ಳು ಇದ್ದಾಳೆ. ಕೆಲ್ಸ ಮಾಡ್ಕೊಂತಾಳೆ. ಕೂಸಿನ ಹತ್ರ ಬಿಡಲ್ಲ ನಾವು.”

“ಯಾಕೆ?”

“ಕೈ ತಣ್ಣಗಿನೋಳು ಕಣಮ್ಮ ಅವ್ಳು. ನೀವೇ ನೋಡಿದ್ರಲ್ಲ. ನಿಮ್ಮ ಕೈಯಾಗೆ ಇರೋ ತನಕ ಚೆನ್ನಾಗಿತ್ತು ಕೂಸು. ಅವ್ಳ ಕೈಗೆ ಹೋದೇಟ್ಗೆ ತಣ್ಣಗಾಗೋಯ್ತು. ಈ ಕೂಸಿಗೂ ಹಂಗೇ ಆದ್ರೆ? ತೊಟ್ಟಿಲು ಮುಟ್ಬೇಡ ಅಂದಿದೀನಿ.”

ಮಾತ್ರೆ ಕಟ್ಟುತ್ತಿದ್ದ ಕಾಗದ ಕೈಯಿಂದ ಜಾರಿತು. ಎತ್ತಿಕೊಟ್ಟವಳೂ ಅವಳೇ.

ನವೆಂಬರ್ ಮೂವತ್ತರಂದು ನಾನು ಬರೆದದ್ದು ಪೂರ್ತಿ ನಿಜವಲ್ಲ. ಇಲ್ಲಿ ಓದುವವರು ಯಾರೂ ಇಲ್ಲ, ಆದರೂ ಸುಳ್ಳು ಬರೆದೆ. ತಾಯಿಯ ಎದೆಯ ಮೇಲೆ ಮಲಗಿಸುವಾಗಲೇ ಮಗುವಿನಲ್ಲಿ ಉಸಿರಿರಲಿಲ್ಲ. ನನಗೆ ಗೊತ್ತಿತ್ತು. ಹೇಗೆ ಹೇಳುವುದು ಎಂದು ತಿಳಿಯದೆ, ಏನೂ ಹೇಳದೆ ಕೊಟ್ಟುಬಿಟ್ಟೆ. ಅವಳು ಸೆರಗು ಮುಚ್ಚಿ, ಬಾಯಿಂದ ಬಿಸಿ ಊದುತ್ತಿದ್ದಳು. ಕೋಲಾರ ಬರುವ ತನಕ ಊದಿದಳು.

೧೬ ಜನವರಿ, ಗುರುವಾರ. ಕೋಲಾರ

ಡಾಕ್ಟ್ರಮ್ಮನವರಿಗೆ ಎಲ್ಲ ಹೇಳಿದೆ. ಥರ್ಮೋಸ್ಟಾಟು, ಏಪ್ರಿಲ್ಲು, ನಾನು ಕೊಟ್ಟದ್ದು. ಪೆನ್ನು ಕೆಳಗಿಟ್ಟು ಕೇಳಿದರು. ಬೈಯಲಿಲ್ಲ.

“ತಾಯಲೂರಿಗೆ ಹೋಗಿ ಹೇಳ್ತೀನಿ” ಅಂದೆ.

“ಹೇಳಬೇಡ” ಅಂದರು. “ಈ ವ್ಯಾನಿಗೆ ನಾನು ಆರು ವರ್ಷ ಅರ್ಜಿ ಬರೆದಿದ್ದೀನಿ. ವ್ಯಾನಿನಲ್ಲಿ ಮಗು ಸತ್ತಿತು, ಅದೂ ನಮ್ಮವರ ಕೈಯಿಂದ ಅಂತ ಮೇಲಿನೋರ ಕಿವಿಗೆ ಬಿದ್ದರೆ ಮರುದಿನ ವ್ಯಾನು ವಾಪಸು. ಫೆಬ್ರವರಿಯಿಂದ ಎಷ್ಟು ಜನ ಹೆಂಗಸರನ್ನ ತಂದಿದ್ದೀಯ?”

“ಅರವತ್ತೊಂದು.”

“ಅವರು ಗಾಡೀಲಿ ಬರಬೇಕಾಗಿತ್ತು. ಅಥವಾ ಬರ್ತಾನೇ ಇರಲಿಲ್ಲ. ಯೋಚನೆ ಮಾಡು. ಕೋದಂಡರಾಮಪ್ಪನ ಕೆಲಸಾನೂ ಹೋಗುತ್ತೆ.”

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಅದೇ ಕಷ್ಟ.

೨೧ ಜನವರಿ, ಮಂಗಳವಾರ. ಮುಳಬಾಗಿಲು

ಮೂರು ಕೇಸು. ಕೋದಂಡರಾಮಪ್ಪ ಸಂಜೆ ವ್ಯಾನು ತೊಳೆದು, ತಾಯಲೂರಿನ ದಾರಿಯ ಕಡೆ ಮುಖ ಮಾಡಿ ನಿಲ್ಲಿಸಿದರು. ಏನೂ ಕೇಳಲಿಲ್ಲ. ಬೆಳಿಗ್ಗೆ ಕೋಲಾರಕ್ಕೆ ನಡೀರಿ ಅಂದೆ. ತಿರುಗಿಸಿಕೊಂಡರು.

೨೮ ಜನವರಿ

ಹಾಗೇ.

೪ ಫೆಬ್ರವರಿ, ಮಂಗಳವಾರ. ಮುಳಬಾಗಿಲು, ಸಂಜೆ

ಹೋದೆವು. ಮಧ್ಯಾಹ್ನ ಕೇಸು ಮುಗಿದ ಮೇಲೆ “ತಾಯಲೂರಿಗೆ” ಅಂದೆ, ಅಷ್ಟೇ. ದಾರಿಯಲ್ಲಿ ಕೋದಂಡರಾಮಪ್ಪ ಒಂದೇ ಮಾತು ಆಡಿದರು. “ಕಿತ್ತಿದ್ದು ನಾನು ಅಂತ ನಾನೇ ಹೇಳ್ಬೇಕು ನರ್ಸಮ್ಮ. ನೀವು ಹೇಳ್ಬೇಡಿ.”

ಅಂಗಳದಲ್ಲಿ ಬೈರಮ್ಮ ಹುರುಳಿ ಕೇರುತ್ತಿದ್ದಳು. ಕಿರಿಯ ಸೊಸೆ ಹೊಲದ ಕಡೆ ಹೋಗಿದ್ದಳು, ಮಗು ನಡುಮನೆಯ ತೊಟ್ಟಿಲಲ್ಲಿ. ಮುನಿಯಲ್ಲಮ್ಮ ದೂರದಲ್ಲಿ ಪಾತ್ರೆ ಬೆಳಗುತ್ತಿದ್ದಳು. ಇಳಿದುಹೋಗಿದ್ದಾಳೆ. ನಾವು ಕೂರುವಷ್ಟರಲ್ಲಿ ಮಗು ಅತ್ತಿತು. ಅವಳು ತಟ್ಟನೆ ಎದ್ದಳು. ಎದ್ದವಳು ಅತ್ತೆಯ ಕಡೆ ನೋಡಿ ಮತ್ತೆ ಕೂತಳು. ಬೈರಮ್ಮ ಮೊರ ಇಟ್ಟು ಹೋಗಿ ತೊಟ್ಟಿಲು ತೂಗಿ ಬಂದಳು.

ಮುನಿಯಲ್ಲಮ್ಮನನ್ನೂ ಕರೆಯಿರಿ ಅಂದೆ. ಬಂದು ಕಂಬದ ಹತ್ತಿರ ನಿಂತಳು.

ಹೇಗೆ ಶುರು ಮಾಡಿದೆನೋ ನೆನಪಿಲ್ಲ. ವ್ಯಾನಿನಲ್ಲಿ ಬಿಸಿಗಾಳಿ ಬರಬೇಕಾಗಿತ್ತು, ಬರಲಿಲ್ಲ, ತಣ್ಣನೆ ಗಾಳಿ ಬಂತು, ಆ ಗಾಳಿಗೇ ನಾನು ಮಗುವನ್ನು ಹಿಡಿದುಕೊಂಡು ಕೂತಿದ್ದೆ ಎಂದೆ.

“ಮಿಷನ್ನು ಕೆಟ್ಟೋಗಿತ್ತಾ?” ಬೈರಮ್ಮ.

ಬೇಲಿಯ ಹತ್ತಿರ ನಿಂತಿದ್ದ ಕೋದಂಡರಾಮಪ್ಪ ಟವೆಲು ಹೆಗಲಿನಿಂದ ಇಳಿಸಿದರು. “ಕೆಟ್ಟಿರ್ಲಿಲ್ಲ ತಾಯಿ. ಅದ್ರೊಳಗಿನ ಸಾಮಾನೊಂದು ನಾನು ಕಿತ್ತಿದ್ದೆ. ಅದಿಲ್ದೆ ಬಿಸಿ ಬರಲ್ಲ ಅಂತ ನನಗೆ ಗೊತ್ತಿರ್ಲಿಲ್ಲ.”

“ಕೀಳಿಸಿದ್ದು ನಾನು” ಅಂದೆ.

ಮುನಿಯಲ್ಲಮ್ಮ ನನ್ನನ್ನೇ ನೋಡುತ್ತಿದ್ದಳು. “ನಾನು ಅಂದೆ ಗದಾ ಅಮ್ಮಾ. ಚಲಿ ಗಾಲಿ ಅಂತ.”

“ಹೌದು, ನೀನು ಅಂದೆ.”

“ನೀವು ಬೈದ್ರಿ.”

“ಬೈದೆ.”

ಆಮೇಲೆ ಕೇಳಿದಳು. ಇದನ್ನು ಕೇಳುತ್ತಾಳೆ ಎಂದು ನನಗೆ ಗೊತ್ತಿತ್ತು. ಇದಕ್ಕೇ ಮೂರು ವಾರ ಹೆದರಿದ್ದೆ.

“ನನ್ನ ಕೈಗೆ ಕೊಟ್ಟಾಗ ಜೀವ ಇತ್ತಾ?”

“ಇರಲಿಲ್ಲ.”

ಬೈರಮ್ಮನ ಮೊರದಲ್ಲಿ ಹುರುಳಿ ಒಂದು ಕಡೆಗೆ ಜಾರಿ ನಿಂತಿತು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ಕೂತಿದ್ದೆ. ಮುನಿಯಲ್ಲಮ್ಮ ಹಿಂದಕ್ಕೆ ಹೋದಳು. ಬಾನಿಯಿಂದ ನೀರು ತೆಗೆದು ಕೈಯ ಬೂದಿಯನ್ನೆಲ್ಲ ತೊಳೆದಳು. ಸೆರಗಿಗೆ ಒರೆಸಿಕೊಂಡಳು. ಎರಡು ಕೈಯನ್ನೂ ಉಜ್ಜಿ ಉಜ್ಜಿ ಒರೆಸಿಕೊಂಡಳು. ನಮ್ಮ ನಡುವೆಯೇ ಹಾದು ಒಳಗೆ ಹೋಗಿ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡು ಗೋಡೆಗೆ ಒರಗಿ ಕೂತಳು. ಬೈರಮ್ಮ ಅರ್ಧ ಎದ್ದಿದ್ದಳು, ಹಾಗೇ ಕೂತಳು.

ಹೊರಡುವಾಗ ಒಳಗೆ ನೋಡಿ “ಬರ್ತೀನಮ್ಮ” ಅಂದೆ. ಅವಳು ತಲೆಯೆತ್ತಲಿಲ್ಲ. ಎತ್ತಬೇಕಾಗಿಯೂ ಇಲ್ಲ.

ಬೈರಮ್ಮ ವ್ಯಾನಿನ ತನಕ ಬಂದಳು. ಬಾಗಿಲು ಹಿಡಿದು ನಿಂತಳು.

“ಹೇಳ್ದೆ ಇದ್ದಿದ್ರೂ ಆಗ್ತಿತ್ತಲ್ಲಮ್ಮ” ಅಂದಳು. “ಎರಡು ತಿಂಗ್ಳು ಆ ಹುಡ್ಗೀನ ನಾನು ಏನೇನು ಅಂದಿದೀನಿ, ನಿಮಗೇನು ಗೊತ್ತು. ಉಣ್ಣೋಕೆ ಕೂತಾಗ ಅಂದಿದೀನಿ. ಜನರ ಮುಂದೆ ಅಂದಿದೀನಿ. ಆ ಮಾತೆಲ್ಲ ಈಗ ಎಲ್ಲಿಗೆ ತಗೊಂಡ್ಹೋಗಿ ಹಾಕ್ಲಿ?”

ಇಂಜಿನ್ ಚಾಲು ಮಾಡದೆ ಕೋದಂಡರಾಮಪ್ಪ ಕಾಯುತ್ತಿದ್ದರು. ಅವಳೇ ಕೈ ಬಿಟ್ಟು ಮನೆಯ ಕಡೆ ತಿರುಗಿದಳು. ಅಂಗಳದ ತನಕ ಹೋಗಿ, ಒಳಗೆ ಹೋಗಲಾರದೆ, ಹೊರಗೇ ನಿಂತಿದ್ದಳು.

೫ ಫೆಬ್ರವರಿ, ಬುಧವಾರ. ಕೋಲಾರ, ಬೆಳಿಗ್ಗೆ ಹನ್ನೊಂದು

ಡಾಕ್ಟ್ರಮ್ಮನವರು ಕರೆಸಿದ್ದಾರೆ. ಗೊತ್ತಾಗಿದೆ. ಕೋದಂಡರಾಮಪ್ಪ ವ್ಯಾನಿನ ಲಾಗ್ ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ — ‘ತಾಯಲೂರು, ಹೋಗಿ ಬಂದದ್ದು. ಕೇಸು ಇಲ್ಲ.’ ಬರೆಯದೆ ಬಿಡಬಹುದಾಗಿತ್ತಲ್ಲ ಎಂದೆ. ನಕ್ಕರು. ನವೆಂಬರಿನಿಂದ ಈಚೆಗೆ ಮೊದಲ ಸಲ.

ವರಾಂಡದಲ್ಲಿ ಬೆಂಚಿನ ಮೇಲೆ ಕಾಯುತ್ತಿದ್ದಾರೆ, ಬೀಗದಕೈ ಮುಂದಿಟ್ಟುಕೊಂಡು. ಜೊತೆಗೇ ಒಳಗೆ ಹೋಗೋಣ ಎಂದಿದ್ದೇನೆ.

ಏನು ಹೇಳಬೇಕು ಎಂದು ಬರೆದುಕೊಂಡು ಹೋಗುತ್ತೇನೆ. ವ್ಯಾನನ್ನು ವಾಪಸು ಕಳಿಸಬೇಡಿ. ಡ್ರೈವರನ್ನು ತೆಗೆಯಬೇಡಿ, ತೆಗೆಯುವುದಾದರೆ ನನ್ನನ್ನು. ರಿಜಿಸ್ಟರಿನಲ್ಲಿ ತಾಯಲೂರಿನ ಕೇಸಿನ ಎದುರು ಬರೆದದ್ದನ್ನು ತಿದ್ದಬೇಕು. ಮಗು ಹುಟ್ಟಿದಾಗ ಚೆನ್ನಾಗಿತ್ತು, ಅತ್ತಿತು, ಬೆರಳು ಚೀಪಿತು. ದಾರಿಯಲ್ಲಿ ಮರಣ ಎಂದಷ್ಟೇ ಇದ್ದರೆ ಸಾಲದು. ಅದಕ್ಕೆ ಕಾರಣ ತಣ್ಣನೆ ಗಾಳಿ; ತಾಯಿ ಹೇಳಿದಳು, ನಾನು ಕೇಳಲಿಲ್ಲ ಎಂದೂ ಬರೆಯಬೇಕು.